ಬುಟ್ಟಿ ಬರಿದಾಗುವ ತನಕ

ಇತ್ತೋ ಇಲ್ಲವೋ ಎಂದು ಸಾಕ್ಷಿ ಹೇಳುವವರು ಯಾರೂ ಉಳಿದಿಲ್ಲ. ಇತ್ತು ಅಂದುಕೊಂಡೇ ಕೇಳಿ. ಸಮುದ್ರದ ದಡದ ಒಂದು ಊರಿನಲ್ಲಿ ಕೀಲಿ ಕಾಯುವವಳು ಒಬ್ಬಳಿದ್ದಳು. ಊರಿನ ಹೆಂಗಸರು ಮದುವೆಗೆ ಹೊರಟರೂ ಹಮ್ಮಾಮಿನ ಸ್ನಾನಕ್ಕೆ ಹೊರಟರೂ ಮನೆಯ ಕೀಲಿಯನ್ನು ಅವಳ ಕೈಗೆ ಕೊಟ್ಟು ಹೋಗುತ್ತಿದ್ದರು. ಅವಳು ಅವನ್ನೆಲ್ಲ ಖರ್ಜೂರದ ಗರಿಯ ಬುಟ್ಟಿಯಲ್ಲಿ ಹಾಕಿ, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಹೊಸ್ತಿಲಲ್ಲಿ ಒಂದು ನಾಯಿಯನ್ನು ಕೂರಿಸಿಕೊಂಡು ಕಾಯುತ್ತಿದ್ದಳು.

ಒಂದು ದಿನ ಸುದ್ದಿ ಬಂತು. ಗೂಲಾ ಎಂಬ ರಕ್ಕಸಿ ಊರೂರು ಸುತ್ತಿ, ಜನ ಬೀಳಿಸಿಕೊಂಡ ಕೀಲಿಗಳನ್ನು ಆರಿಸಿ ಗೊಂಚಲು ಕಟ್ಟುತ್ತಿದ್ದಾಳಂತೆ. ಕೀಲಿ ಕಾಯುವವಳ ನಿದ್ದೆ ಹಾರಿಹೋಯಿತು. ತನ್ನ ಬುಟ್ಟಿಯ ಕೀಲಿಯೊಂದರ ಜೋಡಿ ಆ ಗೊಂಚಲಿನಲ್ಲಿ ಇದ್ದುಬಿಟ್ಟರೆ? ಅಷ್ಟರಲ್ಲಿ ಕನ್ನಡಿ ಮಾರುವವನೊಬ್ಬ ಬಾಗಿಲಿಗೆ ಬಂದ. ಅವನ ಮಾತು ಜೇನು ಸುರಿದಂತೆ.

"ತಾಯಿ, ಯಾವ ಕೀಲಿ ಗೂಲಾಳ ಕೈಸೇರಿದೆ ಅಂತ ಈ ಕನ್ನಡಿ ಹೇಳುತ್ತೆ. ನನಗೇನೂ ಕೊಡಬೇಡ. ಒಂದೊಂದೇ ಕೀಲಿ ತೋರಿಸು, ಸಾಕು. ಆದ್ರೆ ನಿನ್ನ ನಾಯಿ ಯಾಕೋ ನನ್ನ ಕನ್ನಡಿ ಕಂಡ್ರೆ ಬೊಗಳುತ್ತೆ. ಸ್ವಲ್ಪ ಹೊತ್ತು ಹಿತ್ತಲಲ್ಲಿ ಕಟ್ಟಿಬಿಡು."

ಅವಳು ನಾಯಿಯನ್ನು ಕಟ್ಟಿದಳು. ಒಂದೊಂದೇ ಕೀಲಿಯನ್ನು ಎತ್ತಿ ಹಿಡಿದಳು. ಕನ್ನಡಿ ಪ್ರತಿಸಲವೂ "ಇದು ಕಳೆದಿಲ್ಲ, ಇದೂ ಕಳೆದಿಲ್ಲ" ಎಂದು ಹೇಳುತ್ತ ಹೋಯಿತು. ಕನ್ನಡಿಯ ಹಿಂದೆ ಗೂಲಾ ಮೇಣ ಹಿಡಿದು ಕೂತು, ತೋರಿಸಿದ ಪ್ರತಿಯೊಂದು ಕೀಲಿಯ ಅಚ್ಚು ತೆಗೆದುಕೊಳ್ಳುತ್ತಿದ್ದಳು.

ನನ್ನ ಹನ್ನಾ, ಎಂದರೆ ನನ್ನ ಅಜ್ಜಿ ಖದೂಜಾ, ನನಗೆ ಹೇಳಿದ ಕಥೆಗಳೆಲ್ಲ ಅವಳ ಅಜ್ಜಿಯಿಂದ ಬಂದವು. ಇದೊಂದು ಮಾತ್ರ ಹಾಗಲ್ಲ. ಇದನ್ನು ಅವಳೇ ಕಟ್ಟಿದಳು, ಹೋದ ವರ್ಷ, ನನ್ನ ಅಕ್ಕ ವನೀಸಾಳಿಗೆ ಆದದ್ದನ್ನು ಕೇಳಿದ ಮೇಲೆ. ಕಂಪ್ಯೂಟರಿನ ವಿಷಯವನ್ನು ಎಷ್ಟು ಬಿಡಿಸಿ ಹೇಳಿದರೂ ತಲೆಯಾಡಿಸುತ್ತ ಕೂತಿದ್ದವಳು, ಮಾತು ಮುಗಿದಾಗ ಜಪಮಾಲೆ ಪಕ್ಕಕ್ಕಿಟ್ಟು ಈ ಕಥೆ ಹೇಳಿದಳು. ಅಚ್ಚು ತೆಗೆದಲ್ಲಿಗೆ ನಿಲ್ಲಿಸಿಬಿಟ್ಟಳು.

"ಆಮೇಲೆ ಹನ್ನಾ?" ಎಂದು ನಾನು ಕೇಳಿದೆ. ಚಿಕ್ಕವಳಾಗಿದ್ದಾಗಿನ ಅಭ್ಯಾಸ.

"ಆಮೇಲಿಂದು ನನ್ನ ಹತ್ರ ಇಲ್ಲ. ನಿನ್ನಕ್ಕನ ಹತ್ರ ಇದೆ. ಅವಳು ಮುಗಿಸಿದ ದಿನ ಹೇಳ್ತೀನಿ."

ನಾವಿರುವುದು ತಜೂರಾದಲ್ಲಿ. ಟ್ರಿಪೊಲಿಯ ಕಡೆಯಿಂದ ಬರುವ ದಾರಿ ಸಮುದ್ರಕ್ಕೆ ಹತ್ತಿರವಾಗುವ ಕಡೆ ನಮ್ಮ ಮನೆ. ನಮ್ಮಲ್ಲಿ ಮದುವೆಯ ಸಂಭ್ರಮದಲ್ಲಿ ಹೆಂಗಸರದ್ದೇ ಬೇರೆ ಸಭಾಂಗಣ. ಒಳಗೆ ಗಂಡಸಿನ ನೆರಳೂ ಬೀಳುವುದಿಲ್ಲವಾದ್ದರಿಂದ ಹೆಂಗಸರು ಸೆರಗು, ಶಾಲು, ಕೂದಲು ಎಲ್ಲವನ್ನೂ ಬಿಟ್ಟು ಕುಣಿಯುತ್ತಾರೆ. ಹಾಗೆ ಕುಣಿಯಬೇಕಾದರೆ ಬಾಗಿಲಲ್ಲಿ ಹನ್ನಾ ಖದೂಜಾ ಕೂತಿರಬೇಕು. ಬಿಳಿಯ ಫರಾಶಿಯಾ ಹೊದ್ದು, ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಅವಳು ಒಳಗೆ ಹೋಗುವ ಪ್ರತಿಯೊಬ್ಬಳ ಫೋನನ್ನೂ ಇಸಿದುಕೊಳ್ಳುತ್ತಾಳೆ. ಹಜ್ ಮಾಡಿ ಬಂದವಳಾದ್ದರಿಂದ ಊರಿಗೆಲ್ಲ ಅವಳು ಹಾಜಾ.

"ಹಾಜಾ, ನನ್ನದೊಂದು ಇರ್ಲಿ. ಮನೇಲಿ ಮಗೂಗೆ ಜ್ವರ."

"ಮಗೂಗೆ ಜ್ವರ ಇದ್ರೆ ಇಷ್ಟು ಕಾಡಿಗೆ ಹಚ್ಕೊಂಡು ಯಾಕೆ ಬಂದೆ, ಬಂಗಾರಿ? ಹಾಕು ಬುಟ್ಟಿಗೆ."

ಚೀಟಿಯಿಲ್ಲ, ಗುರುತಿಲ್ಲ. ಎಲ್ಲ ಒಂದೇ ಥರದ ಕಪ್ಪು ಫೋನುಗಳು. ಆದರೂ ಹಾಡು ಮುಗಿದು ಹೆಂಗಸರು ಹೊರಬೀಳುವಾಗ ಯಾರದ್ದು ಯಾವುದೆಂದು ಅವಳಿಗೆ ತಪ್ಪುವುದಿಲ್ಲ. ಒಬ್ಬಳದ್ದನ್ನು ಇನ್ನೊಬ್ಬಳ ಕೈಗೆ ಕೊಡುವುದೂ ಇಲ್ಲ, ಅಕ್ಕತಂಗಿಯರಾದರೂ. ಅವರವರದ್ದು ಅವರವರ ಅಂಗೈಗೆ. ಬುಟ್ಟಿ ಬರಿದಾಗುವ ತನಕ ಅವಳು ಆ ಕುರ್ಚಿಯಿಂದ ಏಳುವುದಿಲ್ಲ. ಒಮ್ಮೆ ಯಾರೋ ಒಬ್ಬಳು ಫೋನು ಮರೆತು ಹೋದಳೆಂದು, ಆಕೆ ತಿರುಗಿ ಬರುವವರೆಗೆ ಗುಡಿಸುವವರ ಮಧ್ಯೆ ಒಬ್ಬಳೇ ಕೂತಿದ್ದಳು.

ಒಳಗೆ ಹೋಗುತ್ತಿದ್ದುದು ಒಂದೇ ಕ್ಯಾಮೆರಾ, ವನೀಸಾಳದ್ದು. ಅವಳು ಹಾಜಾ ಖದೂಜಾಳ ಮೊಮ್ಮಗಳು ಎನ್ನುವುದೇ ಅದಕ್ಕೆ ಪರವಾನಗಿ. ಮದುಮಗಳು ಚಿನ್ನದೆಳೆಯ ಉಡುಪಿನಲ್ಲಿ ಬೆವರುತ್ತ ನಕ್ಕದ್ದು, ಅತ್ತೆಯಂದಿರು ದರ್ಬುಕದ ಬಡಿತಕ್ಕೆ ಸೊಂಟ ತಿರುಗಿಸಿದ್ದು, ಎಲ್ಲ ಅವಳ ಕಣ್ಣಿನಲ್ಲಿ ಹಾದು ಒಂದು ಆಲ್ಬಮಿಗೆ ಸೇರುತ್ತಿತ್ತು. ಆಲ್ಬಂ ಇರುತ್ತಿದ್ದುದು ಇಂಟರ್ನೆಟ್ಟಿನಲ್ಲಿ. ತೆರೆಯಲು ಮದುಮಗಳ ಇಮೇಲು ಬೇಕು, ಅವಳ ಪಾಸ್‌ವರ್ಡ್ ಬೇಕು.

ಆ ಪಾಸ್‌ವರ್ಡೇ ಮರೆತುಹೋಗುತ್ತಿತ್ತು. ಮದುವೆಯಾಗಿ ವಾರ ಕಳೆಯುವುದರೊಳಗೆ ತಾಯಂದಿರ ಕರೆ ಶುರು.

"ವನೀಸಾ, ನನ್ನ ಕಣ್ಣೇ, ನಮ್ಮ ಪಾಸ್‌ವರ್ಡ್ ಏನಿತ್ತು ಹೇಳು? ಬೆಂಗಾಝಿಯಿಂದ ನನ್ನ ತಂಗಿ ಬಂದಿದಾಳೆ, ತೋರಿಸ್ಬೇಕು."

"ನಿಮ್ಮದನ್ನ ನಾನು ಹೇಗೆ ಇಟ್ಕೊಳ್ಲಿ, ಖಾಲಾ?"

"ನೀನಲ್ಲದೆ ಇನ್ಯಾರು ಇಟ್ಕೋತಾರೆ. ನಿನ್ನ ಹತ್ರ ಇದ್ರೆ ನನ್ನ ಪೆಟ್ಟಿಗೇಲಿ ಇದ್ದ ಹಾಗೆ."

ಹೀಗೆ ಹೇಳಿಸಿಕೊಂಡು ಹೇಳಿಸಿಕೊಂಡು ಅವಳು ತನ್ನ ಕಂಪ್ಯೂಟರಿನಿಂದಲೇ ಒಬ್ಬೊಬ್ಬರ ಇಮೇಲನ್ನೂ ತೆರೆದುಕೊಡತೊಡಗಿದಳು. ಪ್ರತಿಸಲವೂ ಪರದೆಯ ಮೂಲೆಯಲ್ಲಿ ಸಣ್ಣದೊಂದು ಪ್ರಶ್ನೆ ಏಳುತ್ತಿತ್ತು, ಇದನ್ನು ನೆನಪಿಟ್ಟುಕೊಳ್ಳಲೇ ಎಂದು. ಪ್ರತಿಸಲವೂ ಅವಳು ಹೂಂ ಎನ್ನುತ್ತಿದ್ದಳು. ನಮಗೆ ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಹನ್ನಾಳ ಬುಟ್ಟಿಯಂಥದೇ ಇನ್ನೊಂದು ಬುಟ್ಟಿ, ಅಷ್ಟೇ. ಆ ಪಾಸ್‌ವರ್ಡನ್ನೇ ಅವರು ಬ್ಯಾಂಕಿಗೂ, ಮಕ್ಕಳ ಶಾಲೆಯ ಪುಟಕ್ಕೂ, ಎಲ್ಲದಕ್ಕೂ ಹಾಕುತ್ತಾರೆ ಎನ್ನುವುದು ಹೊಳೆಯಲೂ ಇಲ್ಲ.

ಆಮೇಲೆ ನಮ್ಮ ಬೀದಿಯ ಬ್ಯೂಟಿ ಪಾರ್ಲರಿನವಳ ಇಂಟರ್ನೆಟ್ ಪುಟ ಕಳುವಾಯಿತು. ಯಾವುದೋ ಅಂಗಡಿಯ ಗಿರಾಕಿಗಳ ಪಾಸ್‌ವರ್ಡುಗಳೆಲ್ಲ ಎಲ್ಲೋ ಸೋರಿ, ಯಾರೋ ಅವನ್ನು ಗುಡ್ಡೆ ಹಾಕಿ ಹಂಚುತ್ತಿದ್ದಾರೆ, ಇವಳದ್ದೂ ಅದರಲ್ಲಿತ್ತು ಎಂದರು. ವನೀಸಾಳಿಗೆ ಊಟ ಸೇರದಾಯಿತು. ತನ್ನ ಮದುಮಕ್ಕಳದ್ದೂ ಆ ಗುಡ್ಡೆಯಲ್ಲಿ ಇದ್ದರೆ?

ಒಂದು ವೀಡಿಯೊದಲ್ಲಿ ಮೃದು ದನಿಯ ಒಬ್ಬ, ಸೋರಿಹೋದ ಪಾಸ್‌ವರ್ಡುಗಳನ್ನು ಮೂಲೆಮೂಲೆಯಿಂದ ಬಾಚಿ ತಂದು ಹುಡುಕಿಕೊಡುವ ಟೂಲ್ ತೋರಿಸುತ್ತಿದ್ದ. ಅದರ ಹೆಸರು 'ಕನ್ನಡಿ'. ಉಚಿತ. ಆ ಮಧ್ಯಾಹ್ನ ಬಹಳ ಹೊತ್ತು ಕರೆಂಟಿಲ್ಲದೆ ಆಗಷ್ಟೇ ಬಂದಿತ್ತು. ಮತ್ತೆ ಯಾವಾಗ ಹೋಗುವುದೋ ಯಾರಿಗೆ ಗೊತ್ತು. ಕರೆಂಟು ಬಂದ ಕೂಡಲೆ ನಮ್ಮ ಮನೆಗಳಲ್ಲಿ ಎಲ್ಲ ಕೆಲಸವೂ ಓಟದಲ್ಲೇ ನಡೆಯುತ್ತದೆ. ಒಬ್ಬಳು ನೀರಿನ ಪಂಪಿಗೆ, ಒಬ್ಬಳು ಬಟ್ಟೆಗೆ, ಒಬ್ಬಳು ಇಸ್ತ್ರಿಗೆ. ವನೀಸಾ ಕಂಪ್ಯೂಟರಿಗೆ ಓಡಿದಳು.

ಟೂಲನ್ನು ಇಳಿಸಿಕೊಂಡ ತಕ್ಷಣ ಕಂಪ್ಯೂಟರಿನ ಕಾವಲು ಪ್ರೋಗ್ರಾಂ ಕೆಂಪಗೆ ಕಿರುಚಿತು. ವೀಡಿಯೊದವನು ಅದನ್ನೂ ಮೊದಲೇ ಹೇಳಿದ್ದ: ಇಂಥ ಟೂಲ್ ಕಂಡರೆ ಕಾವಲು ಸುಮ್ಮನೆ ಕೂಗುತ್ತದೆ, ಹೆದರಬೇಡಿ, ಸ್ವಲ್ಪ ಹೊತ್ತು ಆರಿಸಿಡಿ.

"ಇದೇನೋ ಕೂಗ್ತಿದೆಯಲ್ಲೇ" ಎಂದರು ಒಳಗಿನಿಂದ ಅಮ್ಮ.

"ಏನಿಲ್ಲಮ್ಮ, ಒಳ್ಳೇದಕ್ಕೇ ಕೂಗ್ತಿದೆ" ಎಂದಳು ವನೀಸಾ. ಆರಿಸಿದಳು.

ಟೂಲ್ ಒಬ್ಬೊಬ್ಬ ಮದುಮಗಳ ಹೆಸರಿನ ಮುಂದೂ ಹಸಿರು ಗುರುತು ಹಾಕುತ್ತ ಹೋಯಿತು. ಯಾವುದೂ ಸೋರಿಲ್ಲ. ಅವಳು ಎದ್ದು ಬಂದು, ನೊರೆ ಬರುವಂತೆ ಎತ್ತಿ ಎತ್ತಿ ಸುರಿದು ಚಹಾ ಮಾಡಿ, ಬಾದಾಮಿ ಹಾಕಿ ಎಲ್ಲರಿಗೂ ಕೊಟ್ಟಳು. ಆ ಚಹಾದ ರುಚಿ ನನಗೆ ಈಗಲೂ ನಾಲಿಗೆಯಲ್ಲಿದೆ. ಅಷ್ಟು ನೆಮ್ಮದಿಯ ಚಹಾವನ್ನು ಆಮೇಲೆ ಅವಳು ಮಾಡಿಲ್ಲ.

ರಬಾಬ್ ಆ ವಸಂತದಲ್ಲಿ ಮದುವೆಯಾದವಳು. ನಗುವಾಗ ತಲೆಯನ್ನು ಹಿಂದಕ್ಕೆ ಚೆಲ್ಲಿ, ಬಾಯಿಯ ಕೊನೆಯ ಹಲ್ಲೂ ಕಾಣುವಂತೆ ನಗುತ್ತಿದ್ದಳು. ಅವಳ ಕೈಗೆ ಹೆನ್ನಾ ಹಚ್ಚಿದ ಸಂಜೆಯ ಚಿತ್ರವೊಂದರಲ್ಲಿ ಕೂದಲು ಗಾಳಿಯಲ್ಲಿದೆ, ಬರಿಯ ತೋಳುಗಳು ಮೇಲಿವೆ. ವನೀಸಾ ತೆಗೆದ ಎಲ್ಲದರಲ್ಲೂ ಒಳ್ಳೆಯ ಚಿತ್ರ ಅದೇ ಎಂದು ನಾವಿಬ್ಬರೂ ಒಪ್ಪಿದ್ದೆವು. ಒಂದು ಶುಕ್ರವಾರ, ಮನೆಮನೆಯಲ್ಲೂ ಜನ ಬಾಝೀನ್ ಬೋಗುಣಿಯ ಸುತ್ತ ಊಟಕ್ಕೆ ಕೂತ ಹೊತ್ತಿನಲ್ಲಿ, ಆ ಚಿತ್ರ ರಬಾಬಳದೇ ಪುಟದಲ್ಲಿ, ಅವಳದೇ ಹೆಸರಿನಲ್ಲಿ ಕಾಣಿಸಿಕೊಂಡಿತು. ಗಂಡನ ಅಣ್ಣತಮ್ಮಂದಿರು, ಅವನ ಕಚೇರಿಯವರು, ಮೀನು ಮಾರುಕಟ್ಟೆಯವರು, ಎಲ್ಲರೂ ನೋಡಿದರು. ಬೇರೆ ಹೆಂಗಸರ ಚಿತ್ರಗಳು ಹೊರಬೀಳಬಾರದೆಂದರೆ ಹಣ ಕೊಡಿ ಎಂಬ ಸಂದೇಶವೂ ಹಿಂದೆಯೇ ಬಂತು.

ಮೊದಲು ಕರೆ ಮಾಡಿದ್ದು ರಬಾಬಳ ತಾಯಿ ಹಾಜಾ ಮಬ್ರೂಕಾ.

"ವನೀಸಾ, ಒಂದೇ ಮಾತು ಕೇಳ್ತೀನಿ. ಆ ಫೋಟೋ ನಿನ್ನ ಕ್ಯಾಮೆರಾದ್ದು ತಾನೆ?"

"ಹೂಂ, ಖಾಲಾ. ಆದ್ರೆ ನಾನು..."

"ಅಷ್ಟೇ ಕೇಳಿದ್ದು." ಕರೆ ನಿಂತಿತು.

ರಬಾಬಳ ಗಂಡ ಕೆಟ್ಟವನಲ್ಲ. ಅವನು ಏನೂ ಅನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಗಿ ಮುಗಿಯುತ್ತಿತ್ತು ಎಂದು ಆಮೇಲೆ ಅವಳು ಹೇಳಿದಳಂತೆ. ಫೋನನ್ನು ಆರಿಸಿ, ನಾಲ್ಕು ಬಟ್ಟೆ ತೆಗೆದುಕೊಂಡು ತವರಿಗೆ ಬಂದು, ಅದನ್ನು ಅಲ್ಲಿನ ಕಪಾಟಿನಲ್ಲಿಟ್ಟುಬಿಟ್ಟಳು. ಯಾರೂ ಕಳಿಸಲಿಲ್ಲ, ಯಾರೂ ಕರೆಯಲೂ ಇಲ್ಲ.

ಅದರ ಮುಂದಿನ ವಾರ ಇನ್ನೊಂದು ಮದುವೆ. ವನೀಸಾ ಹೋಗುವುದಿಲ್ಲ ಎಂದಳು; ಮಾತು ಕೊಟ್ಟ ಮೇಲೆ ಹೋಗಬೇಕು ಎಂದಳು ಹನ್ನಾ. ಬಾಗಿಲಲ್ಲಿ ಹೆಂಗಸರು ಗುಂಪಾಗಿ ನಿಂತಿದ್ದರು. ನಮ್ಮನ್ನು ಕಂಡು ಮದುಮಗಳ ದೊಡ್ಡಮ್ಮ ಮುಂದೆ ಬಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟ.

"ಹಾಜಾ, ನಿಮ್ಮನ್ನ ಅಂತಲ್ಲ. ಆದ್ರೆ ಇವತ್ತು ಕ್ಯಾಮೆರಾನೂ ಬುಟ್ಟಿಗೆ ಹಾಕಿಸ್ಕೊಂಡುಬಿಡಿ."

ಹನ್ನಾ ಒಂದು ಕ್ಷಣ ಮೊಮ್ಮಗಳ ಮುಖ ನೋಡಿದಳು. ಆಮೇಲೆ ಬುಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಅವಳ ಮುಂದೆ ಹಿಡಿದಳು, ಬೇರೆ ಯಾರಿಗಾದರೂ ಹಿಡಿದಂತೆಯೇ. ವನೀಸಾ ಕೊರಳಿನಿಂದ ಪಟ್ಟಿ ತೆಗೆದು ಕ್ಯಾಮೆರಾವನ್ನು ಫೋನುಗಳ ಮೇಲೆ ಇಟ್ಟಳು. ಅದರ ಭಾರಕ್ಕೆ ಬುಟ್ಟಿ ಒಂದು ಕಡೆಗೆ ವಾಲಿತು. ಎಲ್ಲರೂ ಹೋದ ಮೇಲೆ, ಕೊನೆಯದಾಗಿ, ಹನ್ನಾ ಅದನ್ನು ಅವಳ ಕೈಗೆ ಕೊಟ್ಟು, "ನಡಿ ಮನೆಗೆ. ಏನಾಯ್ತು ಅಂತ ಮೊದಲಿಂದ ಹೇಳು" ಎಂದಳು.

ನಮ್ಮ ಅತ್ತೆಯ ಮಗಳು ಹುದಾ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಅವಳು ಬಂದು ವನೀಸಾಳ ಕಂಪ್ಯೂಟರನ್ನು ನೋಡಿ, 'ಕನ್ನಡಿ'ಯ ಮೇಲೆ ಬೆರಳಿಟ್ಟಳು.

"ಇದನ್ನ ಯಾರು ಓಡಿಸಿದ್ದು?"

"ನಾನೇ. ಸೋರಿದೆಯಾ ಅಂತ ನೋಡೋಕೆ."

"ಸೋರಿರಲಿಲ್ಲ ಕಣೇ. ಆ ಮಧ್ಯಾಹ್ನದವರೆಗೂ ಒಂದೂ ಸೋರಿರಲಿಲ್ಲ." ಹುದಾ ಕುರ್ಚಿಯನ್ನು ಅವಳ ಕಡೆ ತಿರುಗಿಸಿದಳು. "ಬಿದ್ದದ್ದನ್ನ ಬಾಚೋ ಟೂಲುಗಳು ಇವು. ನೀನು ಹುಡುಕು ಅಂತ ಕೊಟ್ಟದ್ದನ್ನೂ ಬಾಚಿಕೊಳ್ಳುತ್ವೆ. ಇದಂತೂ ಇನ್ನೂ ಒಂದು ಹೆಜ್ಜೆ ಮುಂದೆ. ನೀನು ಕಾವಲು ಆರಿಸಿದ ಕೂಡಲೆ ಒಳಗೆ ಹೋಗಿ, ನಿನ್ನ ಕಂಪ್ಯೂಟರು ನೆನಪಿಟ್ಟುಕೊಂಡಿದ್ದನ್ನೆಲ್ಲ ಗಂಟು ಕಟ್ಟಿ ಕಳಿಸಿದೆ. ಹಸಿರು ಗುರುತು ಬರೀ ಬಣ್ಣ. ಅದು ಏನನ್ನೂ ಹುಡುಕೇ ಇಲ್ಲ."

"ಎಲ್ಲರದ್ದೂ?"

"ನೀನು ಹೂಂ ಅಂದವರದ್ದೆಲ್ಲ."

ಆಗಲೇ ಹನ್ನಾ ಆ ಕಥೆ ಹೇಳಿದ್ದು.

ಹುದಾ ಕಂಪ್ಯೂಟರನ್ನು ಪೂರ್ತಿ ಒರೆಸಿದಳು. ರಬಾಬಳ ಪುಟದಿಂದ ಚಿತ್ರ ತೆಗೆಸಿ, ಅವಳ ಖಾತೆಗಳಿಗೆಲ್ಲ ಬೀಗ ಹಾಕಿಸಿದಳು. ಹೊಸ ಪಾಸ್‌ವರ್ಡ್ ಕೊಟ್ಟು ತೆರೆಯಬೇಕಾದವಳು ರಬಾಬಳೇ. ಆಲ್ಬಮುಗಳನ್ನೆಲ್ಲ ವನೀಸಾ ತಾನೇ ಕೂತು ಅಳಿಸಿದಳು, ಮನೆಯಲ್ಲಿಟ್ಟುಕೊಂಡಿದ್ದ ಮೂಲ ಪ್ರತಿಗಳನ್ನೂ ಬಿಡದೆ. ಅಳಿಸುತ್ತ ಅಳುತ್ತಿದ್ದಳು, ಆದರೆ ಕೈ ನಿಲ್ಲಿಸಲಿಲ್ಲ. ಆಮೇಲೆ ಎಲ್ಲರಿಗೂ ಒಂದು ಸಂದೇಶ ಬರೆಯಲು ಕೂತಳು: ಪಾಸ್‌ವರ್ಡ್ ಬದಲಾಯಿಸಿಕೊಳ್ಳಿ, ಎಲ್ಲ ಕಡೆಯೂ.

ಹುದಾ ಅವಳ ಕೈ ಹಿಡಿದಳು. "ನೀನು ಕಳಿಸೋಕೆ ಮುಂಚೆ ಆ ಕಳ್ಳನೇ ಕಳಿಸಿಬಿಟ್ಟಿದಾನೆ ನೋಡು."

ನಿಜ. ವನೀಸಾಳ ಹೆಸರಿನಲ್ಲಿ, ವನೀಸಾಳ ಮಾತಿನ ಧಾಟಿಯಲ್ಲೇ, 'ನನ್ನ ಕಣ್ಣೇ, ಕಳ್ಳರಿದ್ದಾರೆ, ಇಲ್ಲಿ ಒತ್ತಿ ಪಾಸ್‌ವರ್ಡ್ ಬದಲಾಯಿಸಿಕೋ' ಎಂಬ ಸಂದೇಶ ಎಷ್ಟೋ ಮನೆಗಳಿಗೆ ಹೋಗಿತ್ತು. ಕೆಲವರು ಒತ್ತಿಯೂ ಇದ್ದರು. ಇನ್ನು ಅವಳ ಹೆಸರಿನಲ್ಲಿ ಬರುವ ಯಾವ ಮಾತನ್ನೂ ಯಾರೂ ನಂಬಬಾರದು. ನಂಬದಿರುವುದೇ ಅವರಿಗೆ ಕ್ಷೇಮ.

"ಹಾಗಾದ್ರೆ ಹೇಗೆ ಹೇಳ್ಲಿ?"

"ನಾನು ಯಾವತ್ತಾದ್ರೂ ಫೋನುಗಳನ್ನ ಮಾಳಿಗೆ ಮೇಲಿಂದ ಎಸೆದು, ನಿಮ್ಮ ನಿಮ್ಮದು ಆರಿಸ್ಕೊಳ್ಳಿ ಅಂದಿದೀನಾ?" ಎಂದಳು ಹನ್ನಾ. "ಕಾಲಿದೆ. ನಿನ್ನ ತಂಗಿಗೆ ಕಾರಿದೆ. ಪ್ರತಿ ಬಾಗಿಲಿಗೂ ಹೋಗು. ಅವರವರದ್ದು ಅವರವರ ಕೈಗೆ. ನನ್ನ ಕಣ್ಣು ನೋಡಿ ಹೂಂ ಅನ್ನು."

"ಹೂಂ, ಹನ್ನಾ."

ಹನ್ನಾ ಬುಟ್ಟಿಯನ್ನು ತಂದು ಹಜಾರದ ಬಾಗಿಲ ಪಕ್ಕ ಇಟ್ಟಳು. ಒಬ್ಬೊಬ್ಬ ಹೆಂಗಸಿನ ಹೆಸರು ಹೇಳುತ್ತ ಒಂದೊಂದು ಖರ್ಜೂರ ಹಾಕಿದಳು. ವನೀಸಾ ಒಂದು ಮನೆ ಮುಗಿಸಿ ಬಂದರೆ ಹನ್ನಾ ಒಂದು ಖರ್ಜೂರ ತಿನ್ನುತ್ತಾಳೆ, ಇದು ಕರಾರು.

"ಬಾದಾಮಿ ಯಾಕೆ ಹಾಕ್ಲಿಲ್ಲ ಹನ್ನಾ, ಕೆಡೋದಿಲ್ವಲ್ಲ" ಎಂದೆ.

"ನಿನ್ನ ಹಲ್ಲು ಸಾಲ ಕೊಡು, ಬಾದಾಮಿನೇ ಹಾಕ್ತೀನಿ. ಬೇಗ ಮುಗಿಸ್ಲಿ. ಹುಳ ಬೀಳೋಕೆ ಮುಂಚೆ."

ಮೊದಲ ಮನೆಯಲ್ಲಿ ವನೀಸಾ, "ಖಾಲಾ, ಕಳ್ಳ ನುಗ್ಗಿದ್ದಾನೆ, ಪಾಸ್‌ವರ್ಡ್ ಬದಲಾಯಿಸಬೇಕು" ಎಂದಳು. ಅವರು ಪಾಪ, ನಮಗೇ ಸಮಾಧಾನ ಹೇಳಿ, ಮಗ್ರೂದ್ ಸಿಹಿ ಕಟ್ಟಿ ಕಳಿಸಿದರು. ಸಂಜೆ ಹನ್ನಾ ಖರ್ಜೂರವನ್ನು ಕೈಯಲ್ಲಿ ಹಿಡಿದು ಕೇಳಿದಳು:

"ಕಳ್ಳ ಬಂದ ಅಂದೆ. ನಾಯಿ ಕಟ್ಟಿದ್ದು ಯಾರು ಅಂದೆಯಾ?"

ಹನ್ನಾ ಖರ್ಜೂರವನ್ನು ಬುಟ್ಟಿಗೇ ಹಾಕಿದಳು. ಮರುದಿನ ನಾವು ಅದೇ ಮನೆಗೆ ಮತ್ತೆ ಹೋದೆವು. ಈ ಸಲ ಮಗ್ರೂದ್ ಸಿಗಲಿಲ್ಲ.

ಹಾಗೆ ಆ ಬೇಸಿಗೆಯೆಲ್ಲ ತಿರುಗಿದೆವು. ಅರ್ಧ ದಿನ ಪೆಟ್ರೋಲಿಗೆ ಸಾಲು ನಿಲ್ಲುವುದು, ಉಳಿದರ್ಧ ಬಾಗಿಲು ತಟ್ಟುವುದು. ಸಾಲಿನಲ್ಲಿ ಕಾರು ನಿಂತಾಗ ನಾನು ಹನ್ನಾಳ ಕಥೆಗೆ ಕೊನೆಗಳನ್ನು ಕಟ್ಟುತ್ತಿದ್ದೆ. ಒಂದರಲ್ಲಿ ನಾಯಿ ಹಗ್ಗ ಹರಿದುಕೊಂಡು ಬಂದು ಕನ್ನಡಿ ಒಡೆಯುತ್ತಿತ್ತು. ಒಂದರಲ್ಲಿ ಗೂಲಾ ಅಚ್ಚಿನ ಮೇಣವನ್ನು ಬಿಸಿಲಲ್ಲಿಟ್ಟು ಮರೆಯುತ್ತಿದ್ದಳು. ಪಕ್ಕದಲ್ಲಿ ಕೂತ ವನೀಸಾಳ ಮುಖ ನೋಡಿದರೆ ಯಾವುದೂ ಹೇಳಬೇಕೆನಿಸುತ್ತಿರಲಿಲ್ಲ.

ಪ್ರತಿ ಬಾಗಿಲಲ್ಲೂ ಅವಳು ಮೊದಲು ಅದೇ ಮಾತು ಹೇಳುತ್ತಿದ್ದಳು. "ನೀವು ನನ್ನನ್ನ ನಂಬಿ ಕೊಟ್ಟಿದ್ರಿ. ನಾನೇ ಆ ಟೂಲ್ ತಂದೆ, ನಾನೇ ಕಾವಲು ಆರಿಸಿದೆ." ಆಮೇಲೆ ಅವರ ಫೋನಿನಲ್ಲಿ ಎಲ್ಲಿ ಬದಲಾಯಿಸಬೇಕೆಂದು ತೋರಿಸಿ, ಹೊಸದನ್ನು ಅವರೇ ಬರೆಯುವಾಗ ಎದ್ದು ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದಳು. ಯಾರೂ ಕೇಳದಿದ್ದರೂ ಹಾಗೇ.

ಕೆಲವರು ಬೈದರು. ಒಬ್ಬಳು ಬಾಗಿಲ ಸಂದಿಯಿಂದಲೇ ಮಾತಾಡಿಸಿ ಕಳಿಸಿದಳು. ದಾರಿ ಬದಿಯ ಮನೆಯ ಮುದುಕಿ ಮಾತ್ರ ನಗಿಸಿದಳು.

"ಗೋಡೆ ನೋಡ್ತಾ ನಿಂತಿದೀಯಲ್ಲ, ನಮಾಝಿಗೆ ನಿಂತೆಯಾ? ಬಾರೇ ಇಲ್ಲಿ, ನನಗೆ ಕಣ್ಣು ಕಾಣೋದಿಲ್ಲ, ನೀನೇ ಬರೆದುಕೊಡು."

"ಇಲ್ಲ ಖಾಲಾ, ನಾನು ಬರೆಯೋ ಹಾಗಿಲ್ಲ. ಸೊಸೆನ ಕರೀರಿ."

"ಸೊಸೆಗೆ ಗೊತ್ತಾಗೋದಕ್ಕಿಂತ ಕಳ್ಳನಿಗೆ ಗೊತ್ತಾಗ್ಲಿ ಬಿಡು."

ಆ ಮನೆಯಲ್ಲಿ ಮುದುಕಿ ತಾನೇ ತಡವಿ ತಡವಿ ಒಂದೊಂದೇ ಅಕ್ಷರ ಒತ್ತುವಷ್ಟರಲ್ಲಿ ಮಧ್ಯಾಹ್ನದ ಬಾಂಗ್ ಆಯಿತು. ಅಷ್ಟು ಹೊತ್ತೂ ವನೀಸಾ ತಿರುಗಲಿಲ್ಲ.

ಬುಟ್ಟಿ ತಳ ಕಾಣುತ್ತ ಬಂತು. ಒಂದೇ ಒಂದು ಖರ್ಜೂರ ಉಳಿಯಿತು. ರಬಾಬಳದ್ದು. ಅದನ್ನು ವನೀಸಾ ಕೊನೆಗೆಂದು ತಳ್ಳಿಕೊಂಡೇ ಬಂದಿದ್ದಳು. ಹೋದಾಗ ಹಾಜಾ ಮಬ್ರೂಕಾ ಬಾಗಿಲು ತೆರೆದು, "ಮನೇಲಿ ಇಲ್ಲ" ಎಂದರು. ಅಂಗಳದ ದಾರದ ಮೇಲೆ ರಬಾಬಳ ಹಸಿರು ಶಾಲು ಒಣಗುತ್ತಿತ್ತು. ಇನ್ನೊಮ್ಮೆ ಹೋದಾಗ ಅದನ್ನೂ ಹೇಳಲಿಲ್ಲ, ಬಾಗಿಲು ಮುಚ್ಚಿಕೊಂಡರು. ಅಷ್ಟರಲ್ಲಿ ಬೇಸಿಗೆ ಹೋಗಿ ಮರಗಳಲ್ಲಿ ಹೊಸ ಖರ್ಜೂರ ಬಂದಿತ್ತು. ಬುಟ್ಟಿಯದ್ದು ಒಣಗಿ ಕಲ್ಲಾಗಿತ್ತು. ಹನ್ನಾ ಅದನ್ನು ತೆಗೆಯಲೂ ಇಲ್ಲ, ಬದಲಿಸಲೂ ಇಲ್ಲ. ಬುಟ್ಟಿ ಬರಿದಾಗಿಲ್ಲವೆಂದು ಅದನ್ನು ಯಾವ ಮದುವೆಗೂ ಒಯ್ಯಲಿಲ್ಲ. ಕರೆಯಲು ಬಂದವರಿಗೆ "ಮೊಣಕಾಲು ನೋವು" ಎನ್ನುತ್ತಿದ್ದಳು. ಬಾಗಿಲಲ್ಲಿ ಹನ್ನಾ ಇಲ್ಲದ ಮದುವೆಗಳಲ್ಲಿ ಹೆಂಗಸರು ಶಾಲು ತೆಗೆಯದೆ ಕೂತು ಊಟ ಮಾಡಿ ಎದ್ದುಹೋಗುತ್ತಾರೆ ಎಂದು ಕೇಳಿದೆವು.

ಕೊನೆಗೆ ವನೀಸಾ ಒಂದು ಬೆಳಿಗ್ಗೆ, ಯಾರೂ ಹೇಳದೆ, ಕಾರಿನ ಕೀಲಿ ತಂದು ನನ್ನ ಕೈಗೆ ಕೊಟ್ಟಳು.

ಈ ಸಲ ಬಾಗಿಲು ತೆರೆದವಳು ರಬಾಬಳೇ. ತುಂಬ ಇಳಿದುಹೋಗಿದ್ದಳು. ಮನೆಯೊಳಗೂ ಶಾಲನ್ನು ಗದ್ದದವರೆಗೆ ಬಿಗಿದು ಕಟ್ಟಿದ್ದಳು. ಹಿಂದಿನಿಂದ ತಾಯಿ "ಯಾರೇ ಅದು" ಎಂದರು. "ನನಗೆ ಬಂದವರು, ಯುಮ್ಮಾ" ಎಂದು ನಮ್ಮನ್ನು ಒಳಗೆ ಬಿಟ್ಟಳು. ಕೂತುಕೊಳ್ಳಿ ಎನ್ನಲಿಲ್ಲ. ನಾವೂ ಕೂರಲಿಲ್ಲ.

ವನೀಸಾ ಎಲ್ಲ ಹೇಳಿದಳು. ಎಷ್ಟೋ ಬಾಗಿಲಲ್ಲಿ ಹೇಳಿ ಪಳಗಿದ ಮಾತು ಇಲ್ಲಿ ತಡವರಿಸಿತು. ಕಾವಲು ಕೂಗಿದ್ದು, ಅಮ್ಮ ಕೇಳಿದ್ದು, ತಾನು ಒಳ್ಳೆಯದಕ್ಕೇ ಎಂದದ್ದು, ಆಮೇಲೆ ಚಹಾ ಮಾಡಿದ್ದು. ಚಹಾದ ಮಾತನ್ನು ಅವಳು ಬೇರೆ ಯಾವ ಮನೆಯಲ್ಲೂ ಹೇಳಿರಲಿಲ್ಲ.

ರಬಾಬ್ ಕಿಟಕಿಯ ಕಡೆ ನೋಡುತ್ತ ಕೇಳಿಸಿಕೊಂಡಳು. ಆಮೇಲೆ ಕೇಳಿದಳು:

"ಆ ಫೋಟೋ ನಿನ್ನ ಹತ್ರ ಇದೆಯಾ?"

"ಇಲ್ಲ. ಅಲ್ಲಾಹನ ಆಣೆ ಇಲ್ಲ. ಅವತ್ತೇ ಎಲ್ಲಾ ಅಳಿಸಿದೆ. ನಿನ್ನ ಆಲ್ಬಂ ಪೂರ್ತಿ."

"ಪೂರ್ತಿ?"

"ಒಂದೂ ಬಿಡ್ಲಿಲ್ಲ."

ರಬಾಬ್ ತಲೆಯಾಡಿಸಿದಳು. "ನಾನದನ್ನ ನನ್ನ ಫೋನಿಗೆ ಇಳಿಸ್ಕೊಂಡೇ ಇರಲಿಲ್ಲ. ನಿನ್ನ ಹತ್ರ ಇದೆಯಲ್ಲ ಅಂತ. ಮೀನು ಮಾರೋನ ಹತ್ರ ಇರ್ಬಹುದು ಈಗ. ಯಾವ್ಯಾವ ಊರಿನೋರ ಹತ್ರ ಇದೆಯೋ. ನನ್ನ ಮದುವೆ ಫೋಟೋ ನನ್ನ ಹತ್ರ ಮಾತ್ರ ಇಲ್ಲ."

ಅಳಿಸುವ ಮುಂಚೆ ಒಂದು ಮಾತು ಕೇಳಬೇಕಿತ್ತು ಎಂದು ಆ ಬೇಸಿಗೆಯೆಲ್ಲ ನಮಗಿಬ್ಬರಿಗೂ ಹೊಳೆದಿರಲಿಲ್ಲ. ಅದೂ ರಬಾಬಳದ್ದೇ ಆಗಿತ್ತು. ಅದನ್ನೂ ಅವಳ ಕೈಗೇ ಕೊಡಬೇಕಿತ್ತು.

"ನಾನು ಅದರಲ್ಲಿ ಹೇಗಿದ್ದೆ?" ಎಂದು ಕೇಳಿದಳು ರಬಾಬ್.

ನಾನು ಅಕ್ಕನ ಕಡೆ ನೋಡಿದೆ. ವನೀಸಾ ನೆಲ ನೋಡುತ್ತ, ನಿಧಾನವಾಗಿ, ಚಿತ್ರ ಕಣ್ಣೆದುರಿಗಿದ್ದಂತೆ ಹೇಳಿದಳು. ಎಡಗೈಯ ಬಳೆಗಳು ಮೊಣಕೈವರೆಗೆ ಜಾರಿದ್ದವು. ಹೆನ್ನಾ ಇನ್ನೂ ಹಸಿಯಿತ್ತು, ಒಂದು ಬೆರಳಿನದ್ದು ಕೆನ್ನೆಗೆ ತಾಗಿತ್ತು. ಕೂದಲ ಒಂದು ಎಳೆ ತುಟಿಗೆ ಅಂಟಿತ್ತು. ಹಿಂದೆ ನಿನ್ನ ಅಮ್ಮ ಚಪ್ಪಾಳೆ ತಟ್ಟುತ್ತಿದ್ದರು, ಕಣ್ಣು ಮುಚ್ಚಿಕೊಂಡು. ನೀನು ನಗ್ತಿದ್ದೆ.

ಒಳಗೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಹಾಜಾ ಮಬ್ರೂಕಾ ಕೇಳಿಸಿಕೊಳ್ಳುತ್ತಿದ್ದರೆಂದು ತೋರುತ್ತದೆ.

ರಬಾಬ್ ಕ್ಷಮಿಸಿದೆ ಎಂದೂ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಒಳಗೆ ಹೋದಳು, ಕಪಾಟು ತೆರೆದ ಸದ್ದಾಯಿತು. ಫೋನು ತಂದಳು. ಅದು ಸತ್ತಿತ್ತು. ಕರೆಂಟಿತ್ತು, ಪುಣ್ಯಕ್ಕೆ. ಗೋಡೆಗೆ ಸಿಕ್ಕಿಸಿ, ಅದು ಜೀವ ಹಿಡಿಯುವವರೆಗೆ ಮೂವರೂ ನಿಂತೇ ಇದ್ದೆವು.

"ಎಲ್ಲಿ ಒತ್ತಬೇಕು?"

ವನೀಸಾ ಬೆರಳು ತಾಗಿಸದೆ ತೋರಿಸಿದಳು. "ಅಲ್ಲಿ. ಈಗ ಹೊಸದು ಕೇಳುತ್ತೆ. ಬೇರೆಲ್ಲೂ ಹಾಕದೇ ಇರೋದನ್ನ ಹಾಕು. ಯಾರಿಗೂ ಹೇಳ್ಬೇಡ. ನನಗೂ."

"ಗೊತ್ತು" ಎಂದಳು ರಬಾಬ್. "ಆ ಕಡೆ ತಿರುಗು."

ವನೀಸಾ ತಿರುಗಿದಳು. ನಾನೂ ತಿರುಗಿದೆ. ಗೋಡೆಗೆ ಹೊಸದಾಗಿ ಸುಣ್ಣ ಬಳಿದಿದ್ದರು, ಮದುವೆಗೆಂದು ಬಳಿದದ್ದೇ ಇರಬೇಕು. ಹಿಂದೆ ಬೆರಳು ಗಾಜಿನ ಮೇಲೆ ಮೆಲ್ಲಗೆ ಬಡಿಯುವ ಸದ್ದು ಬರುತ್ತಿತ್ತು. ನಡುವೆ ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಉದ್ದನೆಯದನ್ನೇ ಬರೆಯುತ್ತಿದ್ದಾಳೆ ಎಂದುಕೊಂಡೆ. ಹನ್ನಾಳ ಬುಟ್ಟಿಯಲ್ಲಿ ಉಳಿದ ಆ ಒಂದೇ ಖರ್ಜೂರ ಕಣ್ಣ ಮುಂದೆ ಬಂತು.

ಸದ್ದು ನಿಂತಿತು.

"ಆಯ್ತು" ಎಂದಳು ರಬಾಬ್.